ನಂದಗುಡಿ ವಸಂತ್ ಕುಡಿಯುತ್ತಾರೆಯೇ?

ನಾನು ಹಾಲಿನ ಡೈರಿ ಸೆಕ್ರೆಟರಿ. ನಮ್ಮೂರು ನಂದಗುಡಿಯಿಂದ ಎರಡು ಕಿಲೋಮೀಟರ್ ದೂರ, ಆದರೆ ಹೊರಗಿನವರಿಗೆ ನಾವೆಲ್ಲ ನಂದಗುಡಿಯವರೇ. ಸಂಬಳ ಬರುವುದು ಹಾಲು ಅಳೆಯುವುದಕ್ಕೆ. ಊರಿಗೆ ನಾನು ಬೇಕಾಗಿರುವುದು ಮಾತ್ರ ಬೇರೆ ಕೆಲಸಕ್ಕೆ. ಸಂಬಂಧದ ಮಾತು ನಡೆದ ಮೇಲೆ ಹೆಣ್ಣಿನ ಕಡೆಯವರು "ವಿಚಾರಿಸಿ ತಿಳಿಸ್ತೀವಿ" ಎಂದು ಎದ್ದು ಹೋಗುತ್ತಾರಲ್ಲ, ಅವರು ಬಂದು ವಿಚಾರಿಸುವುದು ನನ್ನ ಹತ್ತಿರ. ಬೆಳಿಗ್ಗೆ ಹಾಲು ಹಾಕುವವರೆಲ್ಲ ಹೋದ ಮೇಲೆ ಇಬ್ಬರು ಅಪರಿಚಿತರು ಬೈಕ್ ನಿಲ್ಲಿಸುತ್ತಾರೆ. ಮಳೆ ಹೇಗೆ, ರಾಗಿ ಹೇಗೆ ಎಂದು ಸುತ್ತಿ ಬಳಸಿ ಕೇಳಿ, ಕೊನೆಗೆ ದನಿ ತಗ್ಗಿಸಿ "ಇಂಥವರ ಮಗ ಹೆಂಗೆ ಸ್ವಾಮಿ?" ಎನ್ನುತ್ತಾರೆ.

ಹಾಲಿಗೆ ನೀರು ಬೆರೆಸಿದ್ದರೆ ಒಂದೇ ನಿಮಿಷದಲ್ಲಿ ಹಿಡಿದು ಕ್ಯಾನು ವಾಪಸ್ ಕಳಿಸುವವನು ನಾನು. ಗಂಡುಗಳ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಬಾಯಿಂದ ಒಂದು ಸಂಬಂಧವೂ ಮುರಿದಿಲ್ಲ. ಸುಳ್ಳನ್ನೂ ಹೇಳಿಲ್ಲ. ಹರಿಪ್ರಸಾದನ ಬಗ್ಗೆ ಕೇಳಲು ಬಂದಾಗ "ದಿನಾ ಬೆಳಿಗ್ಗೆ ಆರಕ್ಕೆ ಡೈರಿ ಮುಂದೆ ಇರ್ತಾನೆ, ಒಂದಿನಾನೂ ತಪ್ಪಿಸಿಲ್ಲ" ಎಂದೆ. ಅದು ಸತ್ಯ. ಸಂಜೆ ಏಳರ ಮೇಲೆ ಎಲ್ಲಿರುತ್ತಾನೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮದುವೆಯಲ್ಲಿ ಮೊದಲ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿದರು.

ಈಗ ನಮ್ಮ ವಸಂತನ ವಿಷಯ. ಅಕ್ಕಯಮ್ಮನ ಒಬ್ಬನೇ ಮಗ, ವಯಸ್ಸು ಮೂವತ್ಮೂರು. ಮೂರು ಎಕರೆ ಜಮೀನು, ನಾಲ್ಕು ಹಸು, ಬೋರ್‌ವೆಲ್‌ನಲ್ಲಿ ಇನ್ನೂ ನೀರು. ಟೊಮ್ಯಾಟೊ, ಬೀನ್ಸ್, ಕ್ಯಾಪ್ಸಿಕಂ ಬೆಳೆಯುತ್ತಾನೆ, ಚೆನ್ನಾಗಿಯೇ ಬೆಳೆಯುತ್ತಾನೆ. ಕುಡಿತ ಇಲ್ಲ, ಇಸ್ಪೀಟು ಇಲ್ಲ. ಇಷ್ಟೆಲ್ಲ ಇದ್ದೂ ಏಳು ಕಡೆ ಹೆಣ್ಣು ನೋಡಿ ಬಂದು ಏಳು ಕಡೆಯೂ ಇಲ್ಲ ಅನ್ನಿಸಿಕೊಂಡಿದ್ದ. "ಹುಡುಗ ಏನ್ ಕೆಲಸ ಮಾಡ್ತಾನೆ?" ಎಂದರೆ "ವ್ಯವಸಾಯ" ಎಂದು ಅಕ್ಕಯಮ್ಮ ಹೇಳುತ್ತಿದ್ದಂತೆಯೇ ಎದುರಿನವರು ಕಾಫಿ ಲೋಟ ಕೆಳಗಿಡುತ್ತಿದ್ದರು. ತಿಂಗಳಿಗೆ ಹದಿನೈದು ಸಾವಿರಕ್ಕೆ ಗೋಡೌನ್‌ನಲ್ಲಿ ಡಬ್ಬ ಎಣಿಸುವವನಾದರೂ ಸರಿ, ಕುತ್ತಿಗೆಗೆ ಒಂದು ಐಡಿ ಕಾರ್ಡ್ ನೇತಾಡುತ್ತಿರಬೇಕು. ಇದು ಈಗಿನ ಮರ್ಯಾದೆ.

ಅದಕ್ಕೆ ವಸಂತ ಬ್ಲಾಗ್ ಶುರು ಮಾಡಿದ. ಹೆಸರು 'ಹಸಿರು ಹೋಬಳಿ'. ಇನ್ನು ಮೇಲೆ ಯಾರಾದರೂ ಕೇಳಿದರೆ "ಬ್ಲಾಗರ್" ಎನ್ನಬಹುದಲ್ಲ. ಮೊದಲ ಲೇಖನ ಟೊಮ್ಯಾಟೊ ಕೃಷಿ ಬಗ್ಗೆ. ಒಂದು ತಿಂಗಳಲ್ಲಿ ಮೂರು ಜನ ಓದಿದರು. ಒಬ್ಬ ಅವನು, ಇನ್ನೊಬ್ಬ ನಾನು, ಮೂರನೆಯವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಯಾವನದೋ ವಿಡಿಯೋ ನೋಡಿ ಜ್ಞಾನೋದಯವಾಯಿತು. ಡೈರಿಗೆ ಬಂದು ಕ್ಯಾನಿನ ಮೇಲೆ ಕೂತು ನನಗೂ ಪಾಠ ಮಾಡಿದ.

"ಗೋವಿಂದಣ್ಣ, ಬರೀ ಟೊಮ್ಯಾಟೊ ಅಂತ ಬರೆದ್ರೆ ಯಾರೂ ಬರಲ್ಲ. ಅದ್ರಲ್ಲಿ ಸ್ಪರ್ಧೆ ಜಾಸ್ತಿ. ಲಾಂಗ್ ಟೇಲ್ ಕೀವರ್ಡ್ ಹಿಡೀಬೇಕು. ಉದ್ದ ಬಾಲ."

"ಹಸೂಗಾ?"

"ಅಯ್ಯೋ, ಪದಕ್ಕೆ ಕಣಣ್ಣ. ಜನ ಪೂರ್ತಿ ಪ್ರಶ್ನೆ ಕೇಳ್ತಾರಲ್ಲ, 'ಕೆಂಪು ಮಣ್ಣಲ್ಲಿ ಮಳೆ ನಿಂತ್ಮೇಲೆ ಟೊಮ್ಯಾಟೊ ಎಲೆ ಯಾಕೆ ಮುದುಡುತ್ತೆ' ಅಂತ, ಅದು. ಕೇಳೋರು ಕಮ್ಮಿ, ಆದ್ರೆ ಕೇಳಿದೋರೆಲ್ಲ ನಮ್ಮತ್ರಾನೇ ಬರ್ತಾರೆ. ಅದನ್ನ ಹುಡುಕೋಕೆ ಎಲ್ಲಾ ಫ್ರೀ ಟೂಲ್ ಐತೆ."

ಆ ಫ್ರೀ ಟೂಲುಗಳನ್ನೂ ತೋರಿಸಿದ. ಒಂದು, ಗೂಗಲ್‌ನಲ್ಲಿ ಎರಡು ಪದ ಟೈಪ್ ಮಾಡಿ ಸುಮ್ಮನಿದ್ದರೆ ಮಿಕ್ಕಿದ್ದನ್ನು ಅದೇ ಹೇಳಿಕೊಡುತ್ತದೆ. ಇನ್ನೊಂದು, 'ಜನರು ಇದನ್ನೂ ಕೇಳುತ್ತಾರೆ' ಎಂದು ಕೆಳಗೆ ಪ್ರಶ್ನೆಗಳ ಪಟ್ಟಿ ಬರುತ್ತದೆ. ಮೂರನೆಯದು ಬ್ಲಾಗ್ ಇದ್ದವರಿಗೆ ಮಾತ್ರ. ಯಾರು ಏನೇನು ಹುಡುಕಿದಾಗ ನಮ್ಮ ಬ್ಲಾಗ್ ಕಣ್ಣಿಗೆ ಬಿತ್ತು ಎಂದು ಅದು ಚಾಡಿ ಹೇಳುತ್ತದೆ. ಸಿಕ್ಕಿದ ಪ್ರಶ್ನೆಯನ್ನು ಹಾಗೇ ತಲೆಬರಹ ಮಾಡಬೇಕು, ಮೊದಲ ಸಾಲಲ್ಲಿ ಇಡಬೇಕು, ಒಳಗೆ ಆರೇಳು ಸಲ ತುರುಕಬೇಕು, ಇಷ್ಟೇ ವಿದ್ಯೆ. ಸುಮ್ಮನೆ ಹೇಳಬಾರದು, ಆ ಎಲೆ ಮುದುಡುವ ಲೇಖನಕ್ಕೆ ಓದುಗರು ಬಂದರು. ವಸಂತನ ಕೈಗೆ ಮಂತ್ರದಂಡ ಸಿಕ್ಕಂತಾಯಿತು.

ಎಂಟನೆಯ ಹೆಣ್ಣು ತ್ಯಾಮಗೊಂಡ್ಲು ಕಡೆಯವಳು, ಅರ್ಪಿತ. ಬಿ.ಕಾಂ. ಓದಿ ನೆಲಮಂಗಲದಲ್ಲಿ ಒಂದು ಆಡಿಟರ್ ಆಫೀಸಿಗೆ ಹೋಗುತ್ತಿದ್ದಳು. ಅಕ್ಕಯಮ್ಮನ ಜೊತೆ ನಾನೂ ಹೋಗಿದ್ದೆ. "ಹುಡುಗ ಬ್ಲಾಗರ್" ಎಂದು ಅಕ್ಕಯಮ್ಮ ಬಾಯಿಪಾಠ ಒಪ್ಪಿಸಿದಳು. ಹುಡುಗಿಯ ತಂದೆ ಚಲಪತಿ ಅದೇನೋ ಕಾಯಿಲೆ ಇರಬೇಕು ಎನ್ನುವ ಹಾಗೆ ನೋಡಿದರು. ಅರ್ಪಿತ ಮಾತ್ರ ನಕ್ಕಳು. ವಸಂತನ ಕಡೆ ತಿರುಗಿ, "ಎಲೆ ಮುದುಡೋದು ಬರೆದಿರೋದು ನೀವೇನಾ? ನಮ್ಮ ತೋಟದ್ದೂ ಹಂಗೇ ಆಗಿತ್ತು, ನೀವು ಬರೆದಿದ್ದು ನೋಡಿ ಔಷಧಿ ಹೊಡೆದ್ವಿ, ಸರಿಹೋಯ್ತು" ಎಂದಳು. ಅವನ ಮುಖ ನೋಡಬೇಕಿತ್ತು. ಮೂವತ್ಮೂರು ವರ್ಷದಲ್ಲಿ ಒಂದು ಹುಡುಗಿ ಅವನನ್ನು ತಾನಾಗಿ ಮಾತಾಡಿಸಿದ್ದು ಅದೇ ಮೊದಲು. ಬರುವಾಗ ಕಾರಿನಲ್ಲಿ, ಹೊಸಕೋಟೆ ದಾಟಿದ ಮೇಲೆ "ಇದು ಆಗ್ಲೇಬೇಕು ಗೋವಿಂದಣ್ಣ" ಎಂದ. ನನಗೂ ಹಾಗೇ ಅನ್ನಿಸಿತ್ತು.

ಚಲಪತಿ "ವಿಚಾರಿಸಿ ತಿಳಿಸ್ತೀವಿ" ಎಂದಿದ್ದರು. ಸರಿ, ನಾನು ತಯಾರಾದೆ. ಈ ಸಲ ಏನನ್ನೂ ಮುಚ್ಚಿಡುವ ಅಗತ್ಯವೇ ಇಲ್ಲವಲ್ಲ ಎಂಬ ಖುಷಿ ಬೇರೆ. ಒಗೆದ ಶರ್ಟು ಹಾಕಿಕೊಂಡು ಒಂಬತ್ತು ಗಂಟೆಯವರೆಗೂ ಡೈರಿಯಲ್ಲೇ ಕೂತೆ. ಒಂದು ದಿನ ಹೋಯಿತು, ನಾಲ್ಕು ದಿನ ಹೋಯಿತು. ಒಂದು ಬೈಕೂ ನಿಲ್ಲಲಿಲ್ಲ. ನನಗೆ ಅವಮಾನವಾಯಿತು, ಇದನ್ನು ಮುಚ್ಚಿಡುವುದಿಲ್ಲ.

ಐದನೆಯ ಬೆಳಿಗ್ಗೆ ವಸಂತ ಫೋನ್ ಹಿಡಿದು ಓಡಿ ಬಂದ. "ವಿಚಾರಿಸ್ತಾ ಅವ್ರೆ ಗೋವಿಂದಣ್ಣ! ಇಲ್ನೋಡಿ!"

ಚಾಡಿ ಹೇಳುವ ಆ ಮೂರನೆಯ ಟೂಲು. ಪಟ್ಟಿಯಲ್ಲಿ ಟೊಮ್ಯಾಟೊ, ಬೀನ್ಸಿನ ಕೆಳಗೆ ಹೊಸ ಸಾಲುಗಳು ಕೂತಿದ್ದವು. 'ನಂದಗುಡಿ ವಸಂತ್ ಬ್ಲಾಗ್ ಅಕ್ಕಯಮ್ಮ ಮಗ'. 'ನಂದಗುಡಿ ವಸಂತ್ ಎಷ್ಟು ಎಕರೆ'. 'ನಂದಗುಡಿ ಜಮೀನು ಪ್ರಾಜೆಕ್ಟ್‌ಗೆ ಹೋಗುತ್ತಾ ಯಾವಾಗ'. ಕೊನೆಯಲ್ಲಿ, 'ನಂದಗುಡಿ ವಸಂತ್ ಕುಡಿಯುತ್ತಾರಾ'.

ಸರ್ಕಾರ ಯಾವುದೋ ಪ್ರಾಜೆಕ್ಟ್‌ಗೆ ನಮ್ಮ ಕಡೆಯ ಜಮೀನು ಹಿಡಿಯುತ್ತದೆ, ಪರಿಹಾರ ಕೊಡುತ್ತದೆ ಎಂಬ ಸುದ್ದಿ ಇತ್ತು. ಜಮೀನು ಇದೆಯೇ ಎನ್ನುವುದಕ್ಕಿಂತ ಅದು ಯಾವಾಗ ಹೋಗುತ್ತದೆ ಎನ್ನುವ ಕಾಳಜಿ ನೋಡಿ ನನಗೆ ಮೈ ಉರಿಯಿತು. ವಸಂತನಿಗೆ ಅದೆಲ್ಲ ಕಾಣಿಸಲೇ ಇಲ್ಲ. "ಸ್ಪರ್ಧೆ ಸೊನ್ನೆ ಕಣಣ್ಣ!" ಎಂದು ಕುಣಿದಾಡಿದ. "ಈ ಕೀವರ್ಡ್ ಮೇಲೆ ಪ್ರಪಂಚದಲ್ಲಿ ಯಾರೂ ಬರೆದಿಲ್ಲ. ನಾನು ಬರೆದ್ರೆ ಫಸ್ಟು ನಂದೇ!"

ಬರೆದ. ಹಾಕುವ ಮುಂಚೆ ನನಗೆ ತೋರಿಸಿದ. ತಲೆಬರಹ: 'ನಂದಗುಡಿ ವಸಂತ್ ಕುಡಿಯುತ್ತಾರೆಯೇ? ಸಂಪೂರ್ಣ ಮಾಹಿತಿ'. ಮೊದಲ ಸಾಲು: 'ನಂದಗುಡಿ ವಸಂತ್ ಕುಡಿಯುತ್ತಾರೆಯೇ ಎಂದು ಹಲವರು ಹುಡುಕುತ್ತಿದ್ದಾರೆ.' ಇಲ್ಲ ಎನ್ನುವ ಉತ್ತರ ಬರುವ ಹೊತ್ತಿಗೆ ಕುಡಿಯುವ ಮಾತು ಏಳು ಸಲ ಬಂದಿತ್ತು. ಲೇಖನ ಗಿಡ್ಡವಾಯಿತೆಂದು ಆ ಎರಡನೆಯ ಟೂಲಿನಿಂದ, ಗಂಡುಗಳ ಬಗ್ಗೆ ಲೋಕದ ಜನ ಕೇಳುವ ಪ್ರಶ್ನೆಗಳನ್ನೂ ತಂದು ತನ್ನ ಹೆಸರಿಗೆ ಅಂಟಿಸಿ ಮೇಲುಗಡೆಯೇ ಪಟ್ಟಿ ಮಾಡಿದ್ದ. 'ನಂದಗುಡಿ ವಸಂತ್‌ಗೆ ಮೊದಲೇ ಮದುವೆಯಾಗಿತ್ತೇ?' 'ನಂದಗುಡಿ ವಸಂತ್ ಮೇಲೆ ಪೊಲೀಸ್ ಕೇಸ್ ಇದೆಯೇ?' ಯಾರೂ ಕೇಳದಿದ್ದ ಪ್ರಶ್ನೆಗಳು ಇವು.

"ಹಾಕ್ಬೋದಾ?" ಎಂದ.

ಬೇಡ ಎನ್ನಬೇಕಿತ್ತು. ಆದರೆ ನನ್ನನ್ನು ಬಿಟ್ಟು ಫೋನನ್ನು ವಿಚಾರಿಸಿದರಲ್ಲ, ಆ ಸಿಟ್ಟು. ಫೋನಿನಲ್ಲಿ ಸಿಕ್ಕಿದ್ದನ್ನೇ ಓದಿಕೊಂಡು ಅನುಭವಿಸಲಿ ಎನ್ನಿಸಿತು. "ಹಾಕು, ನಂಗೇನ್ ಗೊತ್ತಾಗುತ್ತೆ ಇದೆಲ್ಲ" ಎಂದೆ.

ಎರಡೇ ದಿನದಲ್ಲಿ ಲೇಖನ ಮೊದಲ ಸ್ಥಾನಕ್ಕೆ ಬಂತು. ಸ್ಪರ್ಧೆಯಲ್ಲಿ ಬೇರೆ ಯಾರೂ ಇರಲಿಲ್ಲ, ಬರದೇ ಎಲ್ಲಿಗೆ ಹೋಗುತ್ತದೆ. ಯಾರೋ ತಲೆಬರಹದ ಫೋಟೋ ತೆಗೆದು ಹೋಬಳಿಯ ವಾಟ್ಸಾಪ್ ಗ್ರೂಪುಗಳಿಗೆ ಹಾಕಿದರು. ಫೋಟೋದಲ್ಲಿ ಪ್ರಶ್ನೆಗಳು ಮಾತ್ರ ಬಂದಿದ್ದವು, ಉತ್ತರಗಳು ಕೆಳಗೆ ಉಳಿದುಬಿಟ್ಟಿದ್ದವು. ವಾರದಲ್ಲಿ ನಾನ್ನೂರು ಜನ ಅದನ್ನೇ ಹುಡುಕಿದರು. ಆಮೇಲೆ ಗೂಗಲ್‌ನಲ್ಲಿ 'ನಂದಗುಡಿ ವ' ಎಂದು ಹೊಡೆದರೆ ಸಾಕು, ಮಿಕ್ಕಿದ್ದನ್ನು ಅದೇ ಭರ್ತಿ ಮಾಡುತ್ತಿತ್ತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ವಸಂತ ಟೀ ಹೇಳಿದರೆ "ಸಂಪೂರ್ಣ ಮಾಹಿತಿ ಬಂದ ನೋಡ್ರೋ" ಎನ್ನುತ್ತಿದ್ದರು. ಅಕ್ಕಯಮ್ಮ ಡೈರಿಗೆ ಬಂದು, "ಗೋವಿಂದ, ನನ್ನ ಮಗನ ಮೇಲೆ ಪೊಲೀಸ್ ಕೇಸು ಯಾರಪ್ಪಾ ಹಾಕಿದ್ದು?" ಎಂದು ಅತ್ತಳು. ಅವಳ ಮಗ ಮಾತ್ರ ಏರುತ್ತಿರುವ ಗ್ರಾಫ್ ತೋರಿಸಿ "ಟ್ರಾಫಿಕ್ ನೋಡಿ ಅಣ್ಣ" ಎನ್ನುತ್ತಿದ್ದ.

ಕೊನೆಗೂ ಚಲಪತಿ ಬಂದರು, ಒಬ್ಬರೇ. ಮಳೆ ಕೇಳಲಿಲ್ಲ, ರಾಗಿ ಕೇಳಲಿಲ್ಲ. ಫೋನ್ ತೆಗೆದು ಟೇಬಲ್ ಮೇಲಿಟ್ಟರು.

"ಏನ್ ಸೆಕ್ರೆಟ್ರಿಗಳೇ ಇದು?"

"ಹುಡುಗ ಹನಿ ಮುಟ್ಟಲ್ಲ ಸ್ವಾಮಿ. ಕೇಸಿಲ್ಲ, ಏನಿಲ್ಲ. ಅದೊಂಥರಾ ಲೆಕ್ಕಾಚಾರ, ಪ್ರಶ್ನೆ ಹಾಕಿದ್ರೆ ಜನ ಓದ್ತಾರೆ ಅಂತ ಅವನೇ ಹಾಕ್ಕೊಂಡಿದ್ದಾನೆ. ಕೆಳಗೆ ಓದಿ, ಎಲ್ಲಾದಕ್ಕೂ ಇಲ್ಲ ಇಲ್ಲ ಅಂತಾನೇ ಬರೆದಿದ್ದಾನೆ."

"ಕುಡೀದೋನು ಕುಡಿಯಲ್ಲ ಅಂತ ಬೋರ್ಡ್ ಹಾಕ್ಕೊಂಡು ತಿರುಗ್ತಾನಾ?"

"ನಾನು ಹೇಳ್ತೀನಿ ಕೇಳಿ. ಚಿಕ್ಕ ವಯಸ್ಸಿಂದ ನೋಡಿದ್ದೀನಿ. ಇವನಂಥ ಹುಡುಗ ಈ ಹೋಬಳೀಲೇ ಸಿಗಲ್ಲ. ನನ್ನ ಮಾತು ನಂಬಿ."

ನಾನು ನನ್ನ ಕೆಲಸದಲ್ಲಿ ಇಷ್ಟು ಮನಸ್ಸಿಟ್ಟು ಯಾವತ್ತೂ ಮಾತಾಡಿರಲಿಲ್ಲ. ಚಲಪತಿ ಫೋನನ್ನು ಪಕ್ಕಕ್ಕೆ ಸರಿಸಿದರು.

"ಭಾನುಪ್ರಿಯಾ ಗೊತ್ತಾ ನಿಮ್ಗೆ? ನಿಮ್ಮೂರಿನ ಹರಿಪ್ರಸಾದನ ಹೆಂಡ್ತಿ. ನಮ್ಮಣ್ಣನ ಮಗಳು. ಅವತ್ತು ಅಣ್ಣ ಇದೇ ಕುರ್ಚೀಲಿ ಕೂತು ನಿಮ್ಮನ್ನ ಕೇಳಿದ್ದು. ಬೆಳಿಗ್ಗೆ ಆರಕ್ಕೆ ಡೈರಿ ಮುಂದೆ ಇರ್ತಾನೆ ಅಂದ್ರಂತೆ. ಮಗು ಎತ್ಕೊಂಡು ತವರಿಗೆ ಬಂದು ಎರಡು ವರ್ಷ ಆಯ್ತು."

ನಾನು ಹಾಲಿನ ಲೆಕ್ಕದ ಪುಸ್ತಕ ಮುಚ್ಚಿದೆ.

"ಅದಕ್ಕೇ ಈ ಸಲ ಇಲ್ಲಿಗೆ ಬರ್ಲಿಲ್ಲ. ಫೋನಲ್ಲಿ ನೋಡಿದ್ವಿ. ನನ್ನ ಮಗಳು ಆ ಹುಡುಗ ಸುಳ್ಳು ಹೇಳೋ ಥರ ಕಾಣಲ್ಲ, ಒಂದ್ಸಲ ಊರಿಗೇ ಹೋಗಿ ಕೇಳ್ಕೊಂಡು ಬಾ ಅಪ್ಪಾ ಅಂತ ಹಟ ಹಿಡಿದಳು, ಬಂದೆ." ಅವರು ಎದ್ದು ಫೋನ್ ಜೇಬಿಗೆ ಹಾಕಿಕೊಂಡರು. "ನೀವು ಒಳ್ಳೆಯೋನು ಅಂದ್ರಿ. ಅಷ್ಟು ಸಾಕು ನಂಗೆ."

ಬೈಕ್ ತಿರುಗಿಸಿಕೊಂಡು ಹೊರಟೇಬಿಟ್ಟರು. ಹಿಂದೆ ಓಡಿ ಏನಾದರೂ ಹೇಳೋಣವೆಂದರೆ ಹೇಳಲು ಏನಿತ್ತು? ಇದ್ದ ನಿಜವನ್ನೆಲ್ಲ ಹೇಳಿಯಾಗಿತ್ತು.

ಅವತ್ತು ಸಂಜೆ ಹಾಲು ಹಾಕಲು ವಸಂತ ಬಂದ. ತ್ಯಾಮಗೊಂಡ್ಲಿನಿಂದ ಅಷ್ಟೊತ್ತಿಗೆ ಅಕ್ಕಯಮ್ಮನಿಗೆ ಫೋನ್ ಬಂದಿತ್ತು, ಬೇಡ ಎಂದು ಹೇಳಿದ್ದರು. ಅತ್ತಿದ್ದಾನೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆ ಲೇಖನವನ್ನು ತೆಗೆದುಹಾಕಿದ್ದೇನೆ ಎಂದ, ಆದರೂ ಟೈಪ್ ಮಾಡಿದರೆ ಸಾಲು ಮಾತ್ರ ಇನ್ನೂ ಬರುತ್ತಿದೆ ಎಂದ. ಹಾಲಿನ ಕ್ಯಾನು ತೊಳೆದುಕೊಂಡು ಹೊರಟವನು ಬಾಗಿಲಲ್ಲಿ ನಿಂತ. ಕಣ್ಣಲ್ಲಿ ಮತ್ತೆ ಒಂದು ಆಸೆ ಮೂಡಿತ್ತು.

"ಗೋವಿಂದಣ್ಣ, ನನ್ನ ಬಗ್ಗೆ ನಾನೇ ಬರ್ಕೊಂಡಿದ್ದು ತಪ್ಪಾಯ್ತು. ಬೇರೆಯವ್ರು ಹೇಳ್ಬೇಕಿತ್ತು. ನೀವು ನಾಲ್ಕು ಸಾಲು ಬರೆದುಕೊಡಿ, ನಿಮ್ಮ ಫೋಟೋ ಸಮೇತ ಹಾಕ್ತೀನಿ. ನಿಮ್ಮ ಮಾತು ಅಂದ್ರೆ ಅವ್ರು ನಂಬೇ ನಂಬ್ತಾರೆ."

"ಬೇಡ ಕಣೋ ವಸಂತ."

"ಯಾಕಣ್ಣ? ಎಲ್ಲಾರ್ಗೂ ಹೇಳ್ತೀರ, ನಂಗೆ ಮಾತ್ರ ಯಾಕೆ ಹೇಳಲ್ಲ?"

ನಾನು ತಲೆ ಎತ್ತದೆ ಮುಂದಿನವರ ಹಾಲು ಅಳೆದೆ.