ಲೆಸೋತೊದಿಂದ ತಂದ ಗೆಡ್ಡೆ

ಆಫ್ರಿಕದ ಲೆಸೋತೊದಲ್ಲಿ ಹದಿನಾಲ್ಕು ವರ್ಷ ಗಣಿತ ಕಲಿಸಿ ಮುಳ್ಳೇರಿಯಕ್ಕೆ ಮರಳಿದ ಕ್ರಿಸ್ಟಿನ್ ಟೀಚರ್, ಬರುವಾಗ ಕಾಲುಚೀಲದೊಳಗೆ ಒಂದಷ್ಟು ಗೆಡ್ಡೆ ಅಡಗಿಸಿ ತಂದಿದ್ದಳು. ಅಲ್ಲಿಯ ಬೆಟ್ಟದ ಹುಲ್ಲುಗಾವಲಲ್ಲಿ ತಾನಾಗಿ ಬೆಳೆಯುವ ಮೊರಿಯಾ ಎಂಬ ಹೂಗಿಡದ್ದು ಅದು. ಹಳದಿ ಹೂ, ಹುಲ್ಲಿನಂಥ ಉದ್ದ ಎಲೆ. ಅದನ್ನು ತಿಂದ ದನ ಬದುಕುವುದಿಲ್ಲ ಎಂದು ಅಲ್ಲಿಯ ದನಗಾಹಿಗಳು ಹೇಳಿದ್ದು ಅವಳಿಗೆ ನೆನಪಿತ್ತು. ಅದಕ್ಕೇ ಹಿತ್ತಲಲ್ಲಿ ನೆಟ್ಟು ಸುತ್ತ ಮುಳ್ಳುತಂತಿ ಹಾಕಿಸಿದಳು. ಯಾಕೆಂದು ಮಾತ್ರ ಯಾರಿಗೂ ಹೇಳಲಿಲ್ಲ. ಹೇಳಿದರೆ ಕಿತ್ತು ಬಿಸಾಡು ಎನ್ನುತ್ತಾರೆ ಎಂಬ ಹೆದರಿಕೆ.

ಏಪ್ರಿಲಿನಲ್ಲಿ ಗುಡ್ಡದ ಹುಲ್ಲೆಲ್ಲ ಸುಟ್ಟ ಹಾಗೆ ಒಣಗಿತ್ತು. ಹಸುರು ಉಳಿದದ್ದು ಅವಳ ಹಿತ್ತಲಲ್ಲಿ ಮಾತ್ರ. ಬಾವಿಯಿಂದ ಪೈಪು ಎಳೆಯಲೆಂದು ತಮ್ಮ ರುಡಾಲ್ಫ್ ಒಂದು ಕಡೆ ತಂತಿ ಬಿಚ್ಚಿದವನು, ಹಾಗೇ ಬಿಟ್ಟು ಊಟಕ್ಕೆ ಹೋದ. ನೆರೆಮನೆಯ ಉಗ್ಗಪ್ಪನ ಗಬ್ಬದ ದನ ಒಳಗೆ ನುಗ್ಗಿತು. ಸಂಜೆಯೊಳಗೆ ನೊರೆ ಕಾರಿ, ಕಾಲು ಬಡಿದು ಸತ್ತಿತು.

ಉಗ್ಗಪ್ಪ ಕತ್ತಿ ಹಿಡಿದೇ ಬಂದ. "ಎಂತ ವಿಷ ಇಟ್ಟದ್ದು ನೀನು?" ಎಂದು ರುಡಾಲ್ಫನ ಕೊರಳಪಟ್ಟಿ ಹಿಡಿದ.

"ವಿಷ ಗಿಷ ಎಂತದ್ದೂ ಇಲ್ಲ ಮಾರಾಯ, ಅದು ಅಕ್ಕನ ಹೂವಿನ ಗಿಡ." ರುಡಾಲ್ಫನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಸುಳ್ಳು ಬೇರೆ!"

ಉಗ್ಗಪ್ಪ ಕತ್ತಿ ಬೀಸಿದ. ರುಡಾಲ್ಫ್ ಅಡ್ಡ ಹಿಡಿದ ಬಲಗೈಯ ಎರಡು ಬೆರಳು ಅಂಗಳದಲ್ಲಿ ಬಿದ್ದವು. ಕಿರುಚಿದ್ದು ಕೇಳಿ ಕ್ರಿಸ್ಟಿನ್ ಓಡಿ ಬಂದಾಗ ಕತ್ತಿ ಮತ್ತೆ ಮೇಲೆದ್ದಿತ್ತು. ಮಣ್ಣು ಅಗೆಯುವ ಪಿಕ್ಕಾಸು ಅಲ್ಲೇ ಬಿದ್ದಿತ್ತು. ಅದನ್ನೆತ್ತಿ, ಹಿಡಿಯ ಕಡೆಯಿಂದ ಉಗ್ಗಪ್ಪನ ತೋಳಿಗೆ ಬಾರಿಸಿದಳು. ಎಲುಬು ಮುರಿದದ್ದು ಅವಳ ಅಂಗೈಗೇ ತಿಳಿಯಿತು. ಕತ್ತಿ ಕೆಳಗೆ ಬಿತ್ತು, ಹಿಂದೆಯೇ ಉಗ್ಗಪ್ಪನೂ. ಆದರೂ ಅವಳ ಕೈ ನಿಲ್ಲಲಿಲ್ಲ. ಬೆನ್ನಿಗೆ ಇನ್ನೊಂದು, ಮತ್ತೊಂದು.

"ಟೀಚರೇ, ಸಾಕು! ಸಾಯ್ತಾರೆ ಅವರು!" ಉಗ್ಗಪ್ಪನ ಹೆಂಡತಿ ದೇವಕಿ ಹಿಂದಿನಿಂದ ಸೊಂಟ ತಬ್ಬಿ ಎಳೆದಳು.

ಇಬ್ಬರನ್ನೂ ಒಂದೇ ಜೀಪಿನಲ್ಲಿ ಆಸ್ಪತ್ರೆಗೆ ಒಯ್ಯಬೇಕಾಯಿತು. ಕೈಗೆ ಸುತ್ತಿದ ಟವೆಲು ಒತ್ತಿ ಹಿಡಿದು ರುಡಾಲ್ಫ್ ಕೇಳಿದ, "ನಿನಗೆ ಗೊತ್ತಿತ್ತಾ ಅಕ್ಕ?"

"ಗೊತ್ತಿತ್ತು."

ದೇವಕಿ ಗಂಡನ ತಲೆಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. "ಒಂದು ಮಾತು ಹೇಳಬಹುದಿತ್ತಲ್ಲ ಟೀಚರೇ," ಎಂದಳು. "ನಾವು ದನ ಕಟ್ಟಿ ಹಾಕ್ತಿದ್ದೆವು."

ಪೊಲೀಸರ ಮುಂದೆಯೂ ಕ್ರಿಸ್ಟಿನ್ ಏನನ್ನೂ ಮುಚ್ಚಿಡಲಿಲ್ಲ. ಉಗ್ಗಪ್ಪನ ಮೇಲೂ ಅವಳ ಮೇಲೂ ಕೇಸಾಯಿತು. ಬೆರಳು ಕೂಡಿಸಲು ಆಗಲಿಲ್ಲ. ಜಾಮೀನು ಸಿಕ್ಕಿದ ದಿನವೇ ಅವಳು ಗಿಡಗಳನ್ನೆಲ್ಲ ಬುಡಸಮೇತ ಅಗೆದು, ಸೀಮೆಎಣ್ಣೆ ಸುರಿದು ಸುಟ್ಟಳು. ರುಡಾಲ್ಫ್ ಜಗಲಿಯಿಂದ ನೋಡುತ್ತಿದ್ದ. ಊಟಕ್ಕೆ ಕರೆದಾಗ ಎದ್ದು ಬಂದ. ಅವಳು ಕಲಸಿ ಕೊಟ್ಟ ಅನ್ನವನ್ನು ಎಡಗೈಯಲ್ಲಿ ಚಮಚ ಹಿಡಿದು ತಿಂದ.