ಚಿಲಕ ಹಾಕುವುದು ಅವನ ಕೆಲಸ

ತನ್ನ ದನಿ ಇಷ್ಟೊಂದು ಸೋಮಾರಿಯೇ ಎಂಬ ಸಣ್ಣ ಚಿಂತೆಯೊಂದು ಅವಳನ್ನು ಕೊರೆಯತೊಡಗಿತ್ತು. ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ, ಹೇಳಿದರೆ ನಗುತ್ತಾರೆ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಕನ್ನಡಿಯೆದುರು ತನಗೆ ತಾನೇ ಒಪ್ಪಿಕೊಂಡಿದ್ದಳು, ಅಷ್ಟೆ: ಅಣ್ಣನ ಬಾಯಲ್ಲಿ ನನ್ನ ದನಿ ಕೇಳಲಾರೆ.

ಅಣ್ಣನಿಗೆ ಸ್ವಂತ ಮಾತೆಂಬುದಿರಲಿಲ್ಲ. ಮೂವತ್ತು ದಾಟಿದ ಆಳು, ಬಾಗಿಲು ತುಂಬುವ ಮೈಕಟ್ಟು, ಬುದ್ಧಿ ಮಾತ್ರ ಎಳೆಮಗುವಿನ ಹೊಸ್ತಿಲಲ್ಲೇ ಕೂತುಬಿಟ್ಟಿತ್ತು. ಆದರೆ ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಎತ್ತಿಟ್ಟುಕೊಳ್ಳುತ್ತಿದ್ದ. ಅಮ್ಮನ ಗದರಿಕೆ, ನಲ್ಲಿಯ ಗೊರಗೊರ, ಮೆಟ್ಟಿಲ ಮೇಲೆ ಯಾರೋ ಯಾರನ್ನೋ ಬೈದದ್ದು, ಎಲ್ಲವೂ ಗಂಟೆಗಳ ಮೇಲೋ ದಿನಗಳ ಮೇಲೋ ಅದದೇ ದನಿಯಲ್ಲಿ ಹೊರಗೆ ಬರುತ್ತಿದ್ದವು. ಆ ಕಟ್ಟಡದಲ್ಲಿ ಅವನಿಗೆ ರೇಡಿಯೋ ಎಂದೇ ಹೆಸರು. ರೇಡಿಯೋ ಮುಂದೆ ಗಂಡನನ್ನು ಬೈಯಬೇಡಿ, ನಾಳೆ ಪ್ರಸಾರವಾಗುತ್ತದೆ ಎಂದು ಹೆಂಗಸರು ನಗುತ್ತಿದ್ದರು.

ಈಚೆಗೆ ಯಾರೂ ನಗುತ್ತಿರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದು ಮುಗಿಯುವ ಹೊತ್ತಿಗೆ ಅವನು ಬಂದು ತಂಗಿಯ ಮಂಚದ ಪಕ್ಕ ನಿಲ್ಲುತ್ತಿದ್ದ. ಗೋಡೆಯನ್ನು ಬೆರಳಗಿಣ್ಣಿನಿಂದ ಬಡಿಯುತ್ತಿದ್ದ. ಆಮೇಲೆ ಇಸ್ತ್ರಿ ಅತ್ತೆಯ ದನಿ: "ಬಾಗಿಲು ತೆಗಿಯೋ ರಾಜಾ, ಆಟ ಸಾಕು." ಅದರ ಬೆನ್ನಿಗೇ ತಂಗಿಯ ದನಿ, ನಿದ್ದೆಗಣ್ಣಿನಲ್ಲಿ ಎಳೆದಂತೆ: "ಆಮೇಲೆ." ಮತ್ತೆ ಅತ್ತೆ, ಈ ಸಲ ನಡುನಡುವೆ ಕೆಮ್ಮು: "ತೆಗಿಯಪ್ಪಾ, ಯಾರನ್ನಾದ್ರೂ ಕರಿ." ಮತ್ತೆ ತಂಗಿ: "ಆಮೇಲೆ ಅಂದೆನಲ್ಲ." ಅಷ್ಟಾದ ಮೇಲೆ ಅವನು ಬಾಯಿ ತೆರೆಯುತ್ತಿರಲಿಲ್ಲ. ಮಂಚದ ಪಕ್ಕ ಕೈ ಜೋಲುಬಿಟ್ಟು, ಕಣ್ಣು ಪಿಳುಕಿಸದೆ ಬಹಳ ಹೊತ್ತು ನಿಂತಿರುತ್ತಿದ್ದ. ಆ ಮೌನವನ್ನೂ ಅವನು ಎತ್ತಿಟ್ಟುಕೊಂಡಿದ್ದಾನೆ, ಅದನ್ನೂ ಚಾಚೂ ತಪ್ಪದೆ ಒಪ್ಪಿಸುತ್ತಿದ್ದಾನೆ ಎಂದು ಹೊಳೆದ ದಿನ ಅವಳು ಚಾದರ ಮುಸುಕು ಹಾಕಿಕೊಂಡು ಹಲ್ಲು ಕಚ್ಚಿದ್ದಳು.

ಇಸ್ತ್ರಿ ಅತ್ತೆ ಸತ್ತು ತಿಂಗಳಾಗುತ್ತ ಬಂದಿತ್ತು.

ಇವರ ಮನೆಯ ನೆತ್ತಿಯ ಮೇಲೆಯೇ, ತಾರಸಿಯ ಒಂಟಿ ಕೋಣೆಯಲ್ಲಿ, ಅತ್ತೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ನೆಂಟಸ್ತಿಕೆ ಏನೂ ಇಲ್ಲ, ಬಾಯಿತುಂಬಾ ಕರೆದು ಕರೆದು ಆದ ಅತ್ತೆ. ಇದ್ದಿಲಿನ ಪೆಟ್ಟಿಗೆಯನ್ನೇ ನೆಚ್ಚಿಕೊಂಡಿದ್ದಳು. ಕರೆಂಟಿನ ಪೆಟ್ಟಿಗೆಗೆ ತೂಕವಿಲ್ಲ, ತೂಕವಿಲ್ಲದ್ದಕ್ಕೆ ಬಟ್ಟೆ ಬಗ್ಗುವುದಿಲ್ಲ ಎನ್ನುವುದು ಅವಳ ಸಿದ್ಧಾಂತ. ಬಿಳಿ ಬಟ್ಟೆಗೆ ಪಾರಿವಾಳದ ಕಾಟವೆಂದು ಕಿಟಕಿಗೆ ಹಲಗೆ ಬಡಿಸಿದ್ದಳು. ಇದ್ದಿಲ ಹೊಗೆಗೆ ಬಾಗಿಲೊಂದೇ ದಾರಿ, ಅದು ಸದಾ ಹಾರುಹೊಡೆದಿರುತ್ತಿತ್ತು. ರೇಡಿಯೋ ಅಲ್ಲಿ ಹೋಗಿ ಕೂರುತ್ತಿದ್ದ. ಅತ್ತೆ ಅವನ ಮುಂದೆ ಕರವಸ್ತ್ರಗಳ ರಾಶಿ ಹಾಕಿ ಮಡಿಸಲು ಬಿಡುತ್ತಿದ್ದಳು, ಅವನು ಹೋದ ಮೇಲೆ ಎಲ್ಲವನ್ನೂ ಬಿಚ್ಚಿ ತಾನೇ ಮತ್ತೆ ಮಡಿಸುತ್ತಿದ್ದಳು. ನನಗೂ ಜೊತೆಯಾಯಿತು, ನಿನಗೂ ಒಂದು ಗಳಿಗೆ ಉಸಿರಾಡಲು ಆಯಿತು, ಬಿಡು ಹುಡುಗಿ ಎಂದು ಇವಳಿಗೆ ಹೇಳುತ್ತಿದ್ದಳು.

ಚಿಲಕದ ವಿಷಯ ಅದಕ್ಕಿಂತ ಹಳೆಯದು. ಹದಿಹರೆಯದಲ್ಲಿ ಒಮ್ಮೆ ಅಣ್ಣ ತೆರೆದ ಬಾಗಿಲಿನಿಂದ ಹೊರಗೆ ನಡೆದುಬಿಟ್ಟಿದ್ದ. ಮರುದಿನ ರೈಲು ಹಳಿಯ ಬಳಿ ಬರಿಗಾಲಲ್ಲಿ ಸಿಕ್ಕಿದ. ಅಂದಿನಿಂದ ಅಮ್ಮ ಪಟ್ಟು ಹಿಡಿದು ಅವನಿಗೆ ಒಂದೇ ಒಂದು ವಿದ್ಯೆ ಕಲಿಸಿದಳು. ತೆರೆದ ಬಾಗಿಲು ಕಂಡರೆ ಮುಚ್ಚಬೇಕು, ಚಿಲಕ ಹಾಕಬೇಕು. ಹಾಕಿದರೆ ಚಪ್ಪಾಳೆ, ಒಂದು ರಸ್ಕು. ತೆಗೆದರೆ ಅಂಗೈ ಮೇಲೆ ಸೌಟಿನ ಏಟು. ಹಾಕೋದು ನಿನ್ನ ಕೆಲಸ, ತೆಗೆಯೋದು ನಮ್ಮ ಕೆಲಸ ಎಂದು ಅಮ್ಮ ರಾಗವಾಗಿ ಹೇಳಿಕೊಡುತ್ತಿದ್ದಳು. ತಂಗಿಯೂ ಚಪ್ಪಾಳೆ ತಟ್ಟಿದವಳೇ. ಮನೆಗೆ ಬಂದವರ ಮುಂದೆ ಬಾಗಿಲು ತೆರೆದಿಟ್ಟು, ನೋಡಿ ನಮ್ಮವನ ಜಾಣತನ ಎಂದು ತೋರಿಸಿದ್ದೂ ಉಂಟು. ಒಳಬಾಗಿಲು ಯಾವುದು, ಹೊರಬಾಗಿಲು ಯಾವುದು, ಒಳಗೆ ಯಾರಾದರೂ ಇದ್ದಾರೆಯೇ ಎಂಬುದನ್ನು ಕಲಿಸಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಆ ಮಧ್ಯಾಹ್ನ ಅಮ್ಮ ಅವನ ಮಾತ್ರೆ ತರಲು ಆಸ್ಪತ್ರೆಗೆ ಹೋಗಿದ್ದಳು. ತಂಗಿ ಅವನನ್ನು ಅತ್ತೆಯ ಕೋಣೆಗೆ ಕಳಿಸಿ ಮಂಚದ ಮೇಲೆ ಕಾಲು ಚಾಚಿದಳು. ಡಿಗ್ರಿ ಮುಗಿದಂದಿನಿಂದ ಅವಳ ಹಗಲೆಲ್ಲ ಅವನದ್ದೇ. ಉಣ್ಣಿಸು, ತೊಳಿ, ಹಿಂದೆ ಓಡು. ಗೆಳತಿಯರು ಕೆಲಸ ಕೆಲಸ ಎಂದು ಊರೂರು ಸೇರಿದ್ದರು. ಒಂದು ಗಳಿಗೆ, ಒಂದೇ ಒಂದು ಗಳಿಗೆ ತನ್ನನ್ನು ಯಾರೂ ಕರೆಯದಿದ್ದರೆ ಸಾಕು ಎಂದು ಕಣ್ಣು ಮುಚ್ಚಿದ್ದಳು. ಅಷ್ಟರಲ್ಲಿ ಅವನು ಬಂದು ಗೋಡೆ ಬಡಿದ. ಅತ್ತೆಯ ದನಿಯಲ್ಲಿ ಬಾಗಿಲು ತೆಗಿ ಎಂದ. ಯಾವತ್ತಿನದೋ ಪ್ರಸಾರ ಅಂದುಕೊಂಡು, ಆಮೇಲೆ ಎಂದಳು. ಅವನು ಮೇಲೆ ಹೋದ, ಮತ್ತೆ ಬಂದ. ಈ ಸಲದ ಕೆಮ್ಮು ಹೊಸದು, ಅತ್ತೆ ಯಾವತ್ತೂ ಹಾಗೆ ಕೆಮ್ಮಿದವಳಲ್ಲ. ಅದು ಅವಳ ಕಿವಿಗೆ ಬಿತ್ತು, ಮನಸ್ಸಿನ ಒಂದು ಮೂಲೆಗೂ ಬಿತ್ತು. ಆದರೂ ಮಗ್ಗುಲು ಬದಲಿಸಿದಳು. ಮೂರನೆಯ ಸಲ ಬಂದವನು ಏನೂ ಹೇಳದೆ ನಿಂತ. ತರಲು ಮೇಲೆ ದನಿಯೇ ಉಳಿದಿರಲಿಲ್ಲ.

ತೆಗೆಯುವುದು ತನ್ನ ಕೆಲಸವಲ್ಲವೆಂದು ಕಲಿತವನು, ಯಾರ ಕೆಲಸವೋ ಅವರನ್ನು ಕರೆಯಲು ಬಂದಿದ್ದ.

ಆಸ್ಪತ್ರೆಯಿಂದ ಮರಳಿದ ಅಮ್ಮ ಹಪ್ಪಳದಂತೆ ಒಣಗಿದ್ದ ಬಟ್ಟೆ ತರಲೆಂದು ತಾರಸಿಗೆ ಹೋಗಿ, ಅತ್ತೆಯ ಕೋಣೆಗೆ ಹೊರಗಿನಿಂದ ಚಿಲಕ ಬಿದ್ದದ್ದು ಕಂಡು ತೆಗೆದಳು. ಅತ್ತೆ ಬಾಗಿಲಿಗೆ ಒರಗಿ ಕೂತಿದ್ದಳು, ಬಾಗಿಲ ಜೊತೆಗೇ ಹೊರಕ್ಕೆ ವಾಲಿದಳು. ಪೊಲೀಸರು ಬಂದಾಗ ತಂಗಿ ಬಾಗಿಲ ಹಿಂದೆ ಸರಿದಳು. ಅಮ್ಮನೇ ಮುಂದೆ ನಿಂತು, ಮಗಳು ಸ್ನಾನಕ್ಕೆ ಹೋಗಿದ್ದಳು, ಏನೂ ಕೇಳಿಸಿಲ್ಲ ಎಂದುಬಿಟ್ಟಳು. ಆಮೇಲೆ ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ತಿಳಿಹೇಳಿದಳು: ಅವನಿಗೆ ಯಾರೂ ಏನೂ ಮಾಡುವುದಿಲ್ಲ, ತಿಳಿಯದವನಿಗೆ ಯಾವ ಕಟ್ಟಳೆ? ನಿನಗೆ ಬಾಳು ಬದುಕಿದೆ. ಅವನ ಹೆಗಲು ಅಗಲ, ಅವನ ಮೇಲೇ ಇರಲಿ.

ಅತ್ತೆಯ ಮಗ ಬಸ್ಸು ಡಿಪೋದಲ್ಲಿ ಮೆಕ್ಯಾನಿಕ್. ಒಂದು ಮಧ್ಯಾಹ್ನ ಅವನು ಇವರ ಬಾಗಿಲೆದುರಿನ ಮೆಟ್ಟಿಲ ಮೇಲೆ ಬಂದು ಕೂತಾಗ, ಜಗಳಕ್ಕೇ ಬಂದನೆಂದು ಅಮ್ಮ ಸೆರಗು ಬಿಗಿದಳು. ಅವನು ತಲೆಯೆತ್ತಲಿಲ್ಲ. ಗ್ರೀಸಿನ ಉಗುರುಗಳನ್ನು ಒಂದೊಂದಾಗಿ ಕೆರೆಯುತ್ತಾ, ನಮ್ಮಮ್ಮನ ಫೋಟೋ ಇದೆ, ದನಿ ಎಲ್ಲೂ ಇಲ್ಲ, ಇಲ್ಲಿ ಕೇಳುತ್ತೆ ಅಂದರು ಎಂದ. ಅಷ್ಟರಲ್ಲಿ ಒಳಗಿನಿಂದ ಬಡಿತ, ಆ ದನಿ. ಮೆಕ್ಯಾನಿಕ್ ಕಣ್ಣು ಮುಚ್ಚಿ ಕಂಬಿಗೆ ತಲೆಯಿಟ್ಟು ಕೇಳಿದ. ಕೆಮ್ಮು ಬಂದಾಗ ಅವನ ಕತ್ತು ಮಾತ್ರ ಒಮ್ಮೆ ಸೆಟೆಯಿತು. ಮರುದಿನವೂ ಬಂದ. ನಿನ್ನ ಕಾಲು ಹಿಡೀತೀನಿ ಮಾರಾಯ, ಅಡುಗೆ ಆಯ್ತು ಬಾ ಅಂತ ಅಮ್ಮ ಕರೆಯೋದಿದೆಯಲ್ಲ, ಅದನ್ನೊಂದು ಹೇಳು ಎಂದು ರೇಡಿಯೋನನ್ನು ಬೇಡಿದ. ರೇಡಿಯೋ ಬೇರೇನನ್ನೂ ಹೇಳಲಿಲ್ಲ.

ಎದ್ದು ಹೊರಡುವಾಗ ಮೆಕ್ಯಾನಿಕ್ ತಂಗಿಯತ್ತ ತಿರುಗಿದ. "ಮಧ್ಯೆ ಮಧ್ಯೆ ಆಮೇಲೆ ಆಮೇಲೆ ಅಂತಾಳಲ್ಲ, ಅದು ಯಾರಮ್ಮಾ?"

ಗೊತ್ತಿಲ್ಲ, ಎಲ್ಲೆಲ್ಲಿಂದಲೋ ಹಿಡಿಯುತ್ತಾನೆ ಎಂದಳು. ಹಾಗೆನ್ನುವಾಗ ದನಿಯನ್ನು ತೆಳ್ಳಗೆ ಮೇಲೆತ್ತಿದ್ದು ಅವಳಿಗೇ ಕೇಳಿಸಿತು. ಅಂದಿನಿಂದ ಮೆಕ್ಯಾನಿಕ್ ಇದ್ದಾಗಲೆಲ್ಲ ಅದೇ ತೆಳುದನಿಯಲ್ಲಿ ಮಾತಾಡಿದಳು, ಬರುಬರುತ್ತ ಅವನಿಲ್ಲದಾಗಲೂ. ವಾರ ಕಳೆಯುವಷ್ಟರಲ್ಲಿ ಅಣ್ಣ ಅದನ್ನೂ ಹಿಡಿದ. ಗೊತ್ತಿಲ್ಲ, ಗೊತ್ತಿಲ್ಲ ಎಂದು ಪಕ್ಕದ ಕೋಣೆಯಿಂದ ತೆಳ್ಳಗೆ ಕೇಳಿಬಂದಾಗ ಅವಳಿಗೆ, ಅಲ್ಲಿ ತನ್ನಂಥವಳೇ ಇನ್ನೊಬ್ಬಳು ಕೂತು ಬಟ್ಟೆ ಮಡಿಸುತ್ತಿದ್ದಾಳೆ ಅನಿಸಿತು.

ಸರ್ಕಾರದ ಕಡೆಯಿಂದ ವಿಚಾರಣೆಗೆ ಬಂದ ಅಧಿಕಾರಿ ವಯಸ್ಸಾದ ಹೆಂಗಸು. ಚಪ್ಪಲಿ ಬಿಟ್ಟು ಒಳಗೆ ಬಂದಳು, ಕೊಟ್ಟ ಚಹಾ ಕುಡಿದಳು, ಮೆಕ್ಯಾನಿಕ್‌ನನ್ನೂ ಕರೆಸಿ ಕೂರಿಸಿದಳು. ಚಿಲಕ ಕಲಿಸಿದ್ದು ಯಾರು ಎಂದು ಕೇಳಿದಳು. ಅಮ್ಮ ತಾನೇ ಎಂದಳು, ಆದರೆ ತಾಯಿಯಾದವಳು ಇನ್ನೇನು ಮಾಡಬೇಕಿತ್ತೆಂದೂ ಕೇಳಿದಳು. ಅಧಿಕಾರಿ ಅದಕ್ಕೆ ತಲೆಯಾಡಿಸಿದಳು. ಆ ಹೊತ್ತಿನಲ್ಲಿ ಇವನನ್ನು ನೋಡಿಕೊಳ್ಳುತ್ತಿದ್ದವರು ಯಾರು ಎಂದು ಮುಂದಿನ ಪ್ರಶ್ನೆ. ಮಗಳು, ಆದರೆ ಸ್ನಾನದಲ್ಲಿದ್ದಳು, ನೀರಿನ ಸದ್ದು, ಪಾಪ ಅವಳಿಗೇನು ಗೊತ್ತು ಎಂದು ಅಮ್ಮ ಸರಾಗವಾಗಿ ಒಪ್ಪಿಸಿದಳು. ಯಾರದ್ದೂ ತಪ್ಪಿಲ್ಲ ಮೇಡಂ, ಹಣೆಬರಹ ಎಂದು ಕಣ್ಣೊರೆಸಿದಳು.

ಅಧಿಕಾರಿ ಲೋಟ ಕೆಳಗಿಟ್ಟಳು. "ಯಾರದ್ದೂ ತಪ್ಪಿಲ್ಲ ಅಂದ್ರೆ ನನಗೆ ಕಷ್ಟ ಅಮ್ಮ. ನೀವು ಸರಿಯಾಗಿ ನೋಡಿಕೊಂಡೂ ಹೀಗಾಯ್ತು ಅಂತ ಅರ್ಥ. ಆಗ ಇವನನ್ನ ಮನೇಲಿ ಇಟ್ಟುಕೊಳ್ಳೋಕೆ ಆಗಲ್ಲ ಅಂತಲೇ ನಾನು ಬರೀಬೇಕು."

ಎಲ್ಲಿಗೆ ಎಂದು ಅಮ್ಮ ಕೇಳಿದಳು. ಊರ ಹೊರಗೊಂದು ಆಶ್ರಯವಿದೆ, ಇಂಥವರಿಗೆಂದೇ. ಗಲಾಟೆ ಮಾಡಿದರೆ ಮಾತ್ರ ಕೋಣೆಗೆ ಹೊರಗಿನಿಂದ ಬೀಗ, ಉಳಿದಂತೆ ಊಟ ಔಷಧ ಎಲ್ಲ ಸರಿಯಾಗಿದೆ ಎಂದು ಅಧಿಕಾರಿ ಹೇಳಿದಳು. ಅಕಸ್ಮಾತ್ ನೋಡಿಕೊಳ್ಳುವವರ ಕಡೆಯಿಂದ ಲೋಪವಾಗಿದ್ದರೆ ಅದು ಬೇರೆ ಮಾತು, ಅದಕ್ಕೆ ಅವರು ಉತ್ತರ ಕೊಡಬೇಕಾಗುತ್ತದೆ, ಇವನಲ್ಲ ಎಂದೂ ಸೇರಿಸಿದಳು. ಯಾರ ಮುಖವನ್ನೂ ನೋಡದೆ ಹೇಳಿದಳು.

ಅಣ್ಣ ಬಾಗಿಲ ಬಳಿ ನಿಂತಿದ್ದ. ಬೆರಳು ಮಡಿಸಿ ಗೋಡೆ ಬಡಿದ. ಅತ್ತೆಯ ದನಿ ಹೊರಬಿತ್ತು, "ಬಾಗಿಲು ತೆಗಿಯೋ ರಾಜಾ." ಅಧಿಕಾರಿಯ ಕೈಯ ಲೇಖನಿ ನಿಂತಿತು. ಸತ್ತವಳ ಮಗನ ಮುಖ ನೋಡಿ, ಮತ್ತೆ ಬಾಗಿಲ ಬಳಿಯ ಆ ದೊಡ್ಡ ಮಗುವನ್ನು ನೋಡಿ, ತೋಳಿನ ಮೇಲೆ ಸೆರಗೆಳೆದುಕೊಂಡಳು. ಮುಂದೆ ಬರುವುದು ಏನೆಂದು ಅಮ್ಮನಿಗೂ ಗೊತ್ತಿತ್ತು. ತಟ್ಟನೆ ಎದ್ದು, ಹಸಿವು ಪಾಪ ಎನ್ನುತ್ತಾ ಅವನ ಬಾಯಿಗೆ ರಸ್ಕೊಂದನ್ನು ತುರುಕಿದಳು. ಅವನು ಅಗಿಯತೊಡಗಿದ. ಉಳಿದ ಪ್ರಸಾರ ರಸ್ಕಿನೊಂದಿಗೆ ಗಂಟಲಲ್ಲಿ ಇಳಿದುಹೋಯಿತು.

ಅಧಿಕಾರಿ ಸೋಮವಾರ ವ್ಯಾನು ಬರುವುದೆಂದೂ, ಎರಡು ಜೊತೆ ಬಟ್ಟೆ ಕಟ್ಟಿಡಿರೆಂದೂ ಹೇಳಿ ಕನ್ನಡಕ ತೆಗೆದಳು. ಮೆಕ್ಯಾನಿಕ್ ನೆಲ ನೋಡುತ್ತಾ ಕೂತಿದ್ದ. ಅಮ್ಮ ಬಂದು ಮಗಳ ಪಕ್ಕ ಕೂತು ಅವಳ ಮಂಡಿಯ ಮೇಲೆ ಕೈಯಿಟ್ಟು ಒತ್ತಿದಳು. ಆ ಒತ್ತಿಗೆ ಅರ್ಥವಿತ್ತು: ಮುಗಿಯಿತು, ಉಸಿರು ಬಿಡಬೇಡ.

ಮುಗಿದೇ ಇತ್ತು. ಅಣ್ಣನ ಬಾಯಿ ತುಂಬಿತ್ತು, ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅವನು ಅಗಿಯುವ ಸದ್ದೊಂದೇ ಕೋಣೆಯಲ್ಲಿತ್ತು. ಗಲ್ಲಕ್ಕೆ ಅಂಟಿದ ಪುಡಿ ಒರೆಸಿಕೊಳ್ಳಲೂ ಬಾರದೆ ಅವನು ಅವಳನ್ನೇ ನೋಡುತ್ತಿದ್ದ, ಒರೆಸುವುದು ಅವಳ ಕೆಲಸವೆಂದು ಗೊತ್ತಿದ್ದವನ ಹಾಗೆ. ಅವಳು ಅಮ್ಮನ ಕೈಯನ್ನು ಮೆಲ್ಲಗೆ ಮಂಡಿಯಿಂದ ಸರಿಸಿದಳು, ಎದ್ದು ಅವನ ಗಲ್ಲ ಒರೆಸಿದಳು. ಅಲ್ಲೇ ನಿಂತು, ಮೆಕ್ಯಾನಿಕ್‌ನತ್ತ ತಿರುಗಿದಳು.

"ನಾನು ಸ್ನಾನಕ್ಕೆ ಹೋಗಿರಲಿಲ್ಲ," ಎಂದಳು. ಎಳೆದಂತಿದ್ದ ಆ ದನಿ ಕೇಳಿ ಅವನು ತಲೆಯೆತ್ತಿದ. "ಇವನು ಮೂರು ಸಲ ಬಂದು ನನ್ನನ್ನ ಕರೆದ. ನಾನು ಎಚ್ಚರವಾಗೇ ಇದ್ದೆ."