ಸಮುದ್ರಕ್ಕೆ ಬೀಳದ ಕಾಯಿ

ತೀರಿಕೊಂಡ ಅಪ್ಪನಿಗೆ ಉಡಿಸಲು ಅವರ ಟ್ರಂಕಿನಲ್ಲಿ ಹೊಸ ಧೋತರ ಹುಡುಕುತ್ತಿದ್ದ ಮೇಘಾಳ ಕೈಗೆ ಒಂದು ತೆಂಗಿನಕಾಯಿ ಸಿಕ್ಕಿತು. ಒಣಗಿ ಹಗುರಾಗಿತ್ತು. ಜುಟ್ಟಿಗೊಂದು ಚೀಟಿ, ಅಪ್ಪ ರಾಜಾರಾಮ ಮಾಸ್ತರರು ಹುಳಗಳ ಡಬ್ಬಿಗೆ ಕಟ್ಟುತ್ತಿದ್ದಂಥದೇ.

"ಯವ್ವಾ, ಇದೇನ?"

ಹನಮವ್ವ ಬೆಳಗಿನಿಂದ ನಿಂತಲ್ಲಿ ನಿಂತಿರಲಿಲ್ಲ. ಗಂಡನನ್ನು ಕುರ್ಚಿಯಲ್ಲಿ ಕೂರಿಸಿದ್ದ ಪಡಸಾಲೆಗೊಮ್ಮೆ, ದೇವರ ಮುಂದೊಮ್ಮೆ. ಪೂಜೆ, ಹಲಗೆಯ ಬಡಿತ, ಕಾಯಿ ಏನೂ ಬೇಡವೆಂದು ಮಾಸ್ತರರು ಬರೆದಿಟ್ಟು ಹೋಗಿದ್ದರು. ಹನಮವ್ವನ ತಮ್ಮ ರೇವಪ್ಪ ಹಲಗೆಯವರನ್ನು ವಾಪಸು ಕಳಿಸಿದ್ದ, ಕಾಯಿ ಮಾತ್ರ ಒಡೆದೇ ತೀರುವೆನೆಂದು ಹಟ ಹಿಡಿದಿದ್ದ. ಕಾಯಿ ಒಡೆಯದೆ ಗಂಡನನ್ನು ಕಳಿಸುವುದು ಹೇಗೆ, ಅವರ ಮಾತು ಮೀರುವುದಾದರೂ ಹೇಗೆ? ಆಕೆಗೆ ಅದೇ ಸಂಕಟ.

ಕಾಯಿಯ ಮೇಲೆ ತಾನೇ ಹಚ್ಚಿದ ಕುಂಕುಮ ಕಂಡಿತು. ಗಂಡನ ಕಡೆ ತಿರುಗಿದಳು.

"ಹಾಕೀನಿ ಅಂದಿದ್ರಲ್ಲ!"

*

ಮಾಸ್ತರರು ಬಬಲೇಶ್ವರದ ಸಾಲೆಯಲ್ಲಿ ಪ್ರತಿವರ್ಷ ಹಡಗಿನ ಕತೆ ಹೇಳುತ್ತಿದ್ದರು. ಐದು ವರ್ಷ ಕಡಲು ಸುತ್ತಿದ ಒಬ್ಬ, ಜೀವಿಗಳು ಬದಲಾಗುತ್ತವೆಂದು ಕಂಡುಕೊಂಡದ್ದು. "ದೇವರು ಎಲ್ಲಾ ಬ್ಯಾರೆ ಬ್ಯಾರೆ ಮಾಡ್ಯಾನ," ಎಂದು ಹನಮವ್ವ ರೊಟ್ಟಿ ಬಡಿಯುತ್ತಲೇ ಜಗಳ ತೆಗೆಯುತ್ತಿದ್ದಳು.

ಮೂವತ್ತು ವರ್ಷದ ಹಿಂದೆ, ಹುಳ ಸಂಗ್ರಹಿಸಲು ಅಂಡಮಾನಿಗೆ ಹೊರಟ ಹಡಗಿನಲ್ಲಿ ಮಾಸ್ತರರಿಗೂ ಜಾಗ ಸಿಕ್ಕಿತು. ವಿಜಯಪುರ ಸ್ಟೇಷನ್ನಿನಲ್ಲಿ ಹನಮವ್ವ ಕಾಯಿ ಕೊಟ್ಟಳು.

"ಸಮುದ್ರದಾಗ ಗಂಗವ್ವಗ ಹಾಕ್ರಿ. ನಂಬಬ್ಯಾಡ್ರಿ, ಹಾಕಿದ್ರ ಸಾಕು."

ತಿರುಗಿ ಬಂದವರು "ಹಾಕೀನಿ" ಅಂದರು. ಅಂದಿನಿಂದ ಜಗಳದಲ್ಲಿ ಗೆಲುವು ಆಕೆಯದೇ. "ಗಂಗವ್ವ ನಿಮ್ಮನ್ನ ತಿರುಗಿ ಕೊಟ್ಟಾಳ," ಅಂದರೆ ಅಂಥ ವಾಚಾಳಿ ಮನುಷ್ಯ ತುಟಿ ಬಿಚ್ಚುತ್ತಿರಲಿಲ್ಲ.

*

ಬಾಗಿಲಲ್ಲಿ ಕೂತಿದ್ದ ಮಶಾಕಸಾಬರು ಎದ್ದು ಬಂದರು. ಆ ಹಡಗಿನಲ್ಲಿ ಜೊತೆಗಿದ್ದ ಗೆಳೆಯ ಅವರೊಬ್ಬರೇ.

"ಬಿರುಗಾಳಿ ಎದ್ದಾಗ ಒಗಿಯೋ ಮಾರಾಯಾ ಅಂದೆ, ವೈನಿ. 'ಒಗದು ಉಳದ್ರ ಕಾಯಿಂದ ಉಳದ್ರಿ ಅಂತಾಳ. ಒಗೀದನ ಬದುಕಿ ಬಂದು ಆಕಿಗೆ ತೋರಸ್ತೀನಿ' ಅಂದ."

"ಮತ್ತ ಯಾಕ ತೋರಸಲಿಲ್ಲ?"

"ಇಪ್ಪತ್ತೊಂದು ದಿನ ಒಪ್ಪತ್ತು ಮಾಡಿ ಸೊರಗಿದ್ರಿ ನೀವು. ನಿಮ್ಮ ಮಾರಿ ನೋಡಿ ಅಂವಗ ಬಾಯಿ ಬರಲಿಲ್ಲ."

ಮೇಘಾ ಚೀಟಿ ಓದಿದಳು. "ಪ್ರಯೋಗ: ಹನಮವ್ವನ ಕಾಯಿ. ಫಲಿತಾಂಶ:" ಮುಂದೆ ಖಾಲಿ.

ಹನಮವ್ವನಿಗೆ ಮೈಯೆಲ್ಲ ಉರಿಯಿತು. ಮೂವತ್ತು ವರ್ಷ ಗೆದ್ದೆನೆಂದು ಬೀಗಿದ್ದೆಲ್ಲ ಈ ಮನುಷ್ಯ ಸುಮ್ಮನಿದ್ದು ಕೊಟ್ಟದ್ದು. ಆಮೇಲೆ ಅಳು ಒತ್ತರಿಸಿ ಬಂತು.

"ಹೊತ್ತಾತು ಅಕ್ಕಾ," ಎಂದು ರೇವಪ್ಪ ಹೊಸಲಿನ ಬಳಿ ಹೊಸ ಕಾಯಿ ಎತ್ತಿದ. ಆಕೆ ಅವನ ಕೈ ಹಿಡಿದಳು.

"ಒಡಿಬ್ಯಾಡ."

ಹಳೆಯ ಕಾಯಿಯನ್ನು ಒಯ್ದು ಗಂಡನ ತೊಡೆಯ ಮೇಲೆ ಒತ್ತಿ ಇಟ್ಟಳು.

"ಸುಳ್ಳ ಹೇಳಿದವರು ತಾವ ಒಯ್ದು ಹಾಕಿ ಬರ್ಲಿ."

ನಾಲ್ವರು ಕುರ್ಚಿ ಎತ್ತಿದರು. ಹಲಗೆಯ ಸದ್ದಿಲ್ಲದ ಓಣಿಯಲ್ಲಿ, ಹೆಜ್ಜೆಗೊಮ್ಮೆ ಕಾಯಿಯೊಳಗಿನ ಒಣಕೊಬ್ಬರಿ ಲೊಟಲೊಟ ಅನ್ನುತ್ತಿತ್ತು.